ನುಡಿಯ ದಾಸೋಹ: ಹಲವರಿಗೆ ಸಂದೇಶ ಕಳಿಸುವ ಭಕ್ತರಿಗೆ ನಾಲ್ಕು ಮಾತು





ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹಳ್ಳಿಗಳಲ್ಲಿ ಈಗ ಪೇಟೆಯ ದರ, ಮದುವೆಯ ಕರೆ, ಜಾತ್ರೆಯ ಸುದ್ದಿ, ಮಣ್ಣಿನ ವಾರ್ತೆ ಎಲ್ಲವೂ ಮೊಬೈಲಿನ ಮೇಲೆಯೇ ಬರುತ್ತಿವೆ. ಇದರಿಂದ ಅನುಕೂಲವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಗಡಿಯ ಆಚೆ ಈಚೆ ಹಂಚಿಹೋದ ಬಳಗವನ್ನು ವಾಟ್ಸಾಪ್ ಒಂದು ಕಟ್ಟೆಯ ಮೇಲೆ ಕೂಡಿಸಿದೆ. ಆದರೆ ಒಬ್ಬನಿಗೆ ಒಂದು ಮಾತು ಹೇಳುವುದು ಬೇರೆ, ಇನ್ನೂರು ಜನಕ್ಕೆ ಒಂದೇ ಸಲ ಹೇಳುವುದು ಬೇರೆ. ಒಬ್ಬನಿಗೆ ಹೇಳುವಾಗ ಅವನ ಮುಖ ನಮಗೆ ಕಾಣುತ್ತದೆ. ಇನ್ನೂರು ಜನಕ್ಕೆ ಕಳಿಸುವಾಗ ಯಾರ ಮುಖವೂ ಕಾಣುವುದಿಲ್ಲ. ಮುಖ ಕಾಣದ ಕಡೆ ಆಚಾರ ತಪ್ಪುವುದು ಸುಲಭ. ಆದ್ದರಿಂದ ಈ ಸಲದ ಚಿಂತನೆಗೆ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಶರಣರು ನಮಗೆ ಕೊಟ್ಟ ಎರಡು ದೊಡ್ಡ ಮಾತು ಕಾಯಕ ಮತ್ತು ದಾಸೋಹ. ದಾಸೋಹ ಎಂದರೆ ಬರೀ ಅನ್ನ ಹಾಕುವುದಲ್ಲ ಎಂದು ನಾವು ಹಲವು ಸಲ ಹೇಳಿದ್ದೇವೆ. ಅರಿವನ್ನು ಹಂಚುವುದೂ ದಾಸೋಹವೇ. ಹಾಗಿದ್ದ ಮೇಲೆ ಅನ್ನದ ದಾಸೋಹಕ್ಕೆ ಇರುವ ರೀತಿ ನುಡಿಯ ದಾಸೋಹಕ್ಕೂ ಇರಲೇಬೇಕು.

ಜಾತ್ರೆಯ ಪಂಕ್ತಿಯನ್ನು ನೆನೆಯಿರಿ. ಹುಗ್ಗಿ ಬಡಿಸುವವನು ಮೊದಲು ಎಲೆಯನ್ನು ನೋಡುತ್ತಾನೆ. ಕುಳಿತವರು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಮುಂದಿನ ಎಲೆಗೆ ಹೋಗುತ್ತಾನೆ. ಒಲೆಯಿಂದ ಇಳಿಸಿದ ಅಡುಗೆ ಹಳಸಿದೆಯೋ ಹೇಗೆ ಎಂದು ನೋಡದೆ ಯಾವ ದಾಸೋಹದ ಮನೆಯಿಂದಲೂ ಪಾತ್ರೆ ಹೊರಗೆ ಬರುವುದಿಲ್ಲ. ‘ನಾನು ಬೇಯಿಸಿದ್ದಲ್ಲ, ಯಾರೋ ಕೊಟ್ಟರು, ನಾನು ಬಡಿಸಿದೆ’ ಎಂದು ಬಡಿಸಿದವನು ಹೇಳಿದರೆ ಹೊಟ್ಟೆ ಕೆಟ್ಟವನು ಒಪ್ಪುತ್ತಾನೆಯೇ? ಆದರೆ ಮೊಬೈಲಿನಲ್ಲಿ ಬಂದದ್ದನ್ನು ಮುಂದಕ್ಕೆ ನೂಕುವಾಗ ನಾವೆಲ್ಲ ಹೇಳುವ ಮಾತು ಇದೇ: ‘ನನಗೆ ಬಂದಿತ್ತು, ಕಳಿಸಿದೆ.’

ಈ ಮಾತು ಎಷ್ಟು ಘೋರವಾಗಬಲ್ಲದು ಎಂಬುದಕ್ಕೆ ನಮ್ಮ ನಾಡಿನದೇ ಎರಡು ನಿದರ್ಶನ ಕೊಡುತ್ತೇವೆ. 2018ನೇ ಇಸವಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ಊರೂರು ತಿರುಗಿತು. ಅದರ ಜೊತೆ ಒಂದು ವಿಡಿಯೋ ಇತ್ತು. ಮೋಟಾರ್ ಸೈಕಲ್ ಮೇಲೆ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದು. ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ತಿಳಿವಳಿಕೆಗಾಗಿ ನಟರನ್ನು ಇಟ್ಟು ತೆಗೆದ ಕಿರುಚಿತ್ರ. ಕೊನೆಯಲ್ಲಿ ಮಗುವನ್ನು ತಿರುಗಿ ತಂದುಬಿಡುವ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಉಳಿದ ಅರ್ಧ ಸತ್ಯ ಲಕ್ಷಾಂತರ ಕೈಗಳಿಗೆ ಹೋಯಿತು.

ಆ ವರ್ಷ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಯಲ್ಲಿ ಸಂತೆ. ಭಿಕ್ಷೆ ಬೇಡಿ ಬದುಕುವ ಅಲೆಮಾರಿ ಸಮಾಜದ ಐವರು ಬಸ್ಸಿನಿಂದ ಇಳಿದರು. ಮಕ್ಕಳ ಕಳ್ಳರೆಂದು ಜನ ಅವರನ್ನು ಹಿಡಿದು, ಗ್ರಾಮ ಪಂಚಾಯಿತಿಯ ಕೋಣೆಯಲ್ಲಿ ಕೂಡಿಹಾಕಿ ಬಡಿದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಬಸವಣ್ಣನವರು ಕರಣಿಕರಾಗಿ ಕಾಯಕ ಮಾಡಿದ ಊರೆಂದು ನಾವು ಕೈಮುಗಿಯುವ ಅದೇ ಮಂಗಳವೇಢೆ. ಎರಡು ವಾರವೂ ಕಳೆದಿರಲಿಲ್ಲ, ಬೀದರ ಜಿಲ್ಲೆಯ ಔರಾದ ಕಡೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣ ಇಂಜಿನಿಯರ್ ಇದೇ ಗುಲ್ಲಿಗೆ ಬಲಿಯಾದ. ಅವನ ಜೊತೆಯವರು ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣ. ಅವರ ಕಾರು ಮುಟ್ಟುವ ಮೊದಲೇ ಸಂದೇಶ ಮುಂದಿನ ಊರು ಮುಟ್ಟಿತ್ತು. ಕಲ್ಯಾಣವಿರುವ ಜಿಲ್ಲೆಯಲ್ಲಿ ಇದು ನಡೆಯಿತು.

ಕಲ್ಲು ಎತ್ತಿದವರು ಕೆಲವರು. ಆದರೆ ಆ ಕಲ್ಲನ್ನು ಅವರ ಕೈಗೆ ಕೊಟ್ಟವರು ಎಷ್ಟು ಜನ? ಮನೆಯಲ್ಲಿ ಮಕ್ಕಳಿದ್ದಾರೆ, ಎಚ್ಚರವಿರಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ ತಾಯಿ ತಂದೆಗಳೂ ಅವರಲ್ಲಿ ಇದ್ದಿರಬೇಕು. ಒಳ್ಳೆಯ ಮನಸ್ಸು ಒಂದೇ ಸಾಲದು, ಅದಕ್ಕೆ ಅರಿವು ಕೂಡಬೇಕು ಎಂದು ಶರಣರು ಹೇಳಿದ್ದು ಇದಕ್ಕೇ.

ಆ ವರ್ಷವೇ ವಾಟ್ಸಾಪ್ ಕಂಪನಿಯವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಿದರು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಎಂದು ಮಾಡಿದರು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇರುತ್ತದೆ. ಆ ಗುರುತು ಕಂಡರೆ ‘ಇದು ಯಾರ ಅಡುಗೆಯೋ ಗೊತ್ತಿಲ್ಲ’ ಎಂದು ತಿಳಿಯಿರಿ. ಕಂಪನಿ ಹಾಕಿದ ಬೇಲಿಯನ್ನು ಹಾರುವವರು ಹಾರಿಯೇ ಹಾರುತ್ತಾರೆ. ಭಕ್ತನಿಗೆ ಬೇಲಿ ಮನಸ್ಸಿನಲ್ಲಿ ಇರಬೇಕು.

ಸುಳ್ಳಿನ ಪೆಟ್ಟು ಕೇವಲ ಪರರಿಗೆ ಬೀಳುತ್ತದೆ ಎಂದೂ ತಿಳಿಯಬೇಡಿ. 2020ರ ಆರಂಭದಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಸುಳ್ಳು ಹಬ್ಬಿತು. ಮಾಂಸ ಮುಟ್ಟದ ಮನೆಯವರು ‘ನಮಗೇನು’ ಎಂದು ಅದನ್ನು ಮುಂದಕ್ಕೆ ಕಳಿಸಿದರು. ಕೋಳಿ ಸಾಕುವವರು ಮುಳುಗಿದರು. ಕೋಳಿಯ ಆಹಾರಕ್ಕೆ ಹೋಗುವುದು ನಾವು ಬೆಳೆಯುವ ಗೋವಿನಜೋಳ ಮತ್ತು ಸೋಯಾಬೀನ್. ಬೇಡಿಕೆ ಕುಸಿದು ಗೋವಿನಜೋಳದ ದರವೂ ಬಿತ್ತು. ನಾವು ಹರಿಯಬಿಟ್ಟ ಸುಳ್ಳು ಸುತ್ತು ಹಾಕಿ ನಮ್ಮ ಕಣಕ್ಕೇ ಬಂದಿತು.

ವ್ಯಾಪಾರದ ಭಕ್ತರು ಇದನ್ನು ಬೇಗ ತಿಳಿಯಬಲ್ಲರು. ಅಡತಿ ಅಂಗಡಿಯಲ್ಲಿ ಕುಳಿತವರು ಇನ್ನೂರು ರೈತರಿಗೆ ದಿನವೂ ದರ ಕಳಿಸುತ್ತಾರೆ. ಅದು ದೊಡ್ಡ ಸೇವೆ. ಆದರೆ ಯಾವ ಪೇಟೆ, ಯಾವ ತಾರೀಖು, ಯಾವ ಮಾಲು, ಲಿಲಾವಿನಲ್ಲಿ ಆದ ದರವೋ ಕೇಳಿದ ದರವೋ ಎಂಬುದನ್ನು ಬರೆಯದಿದ್ದರೆ ಅದು ಸೇವೆಯಲ್ಲ. ಮೊನ್ನೆಯ ಉಳ್ಳಾಗಡ್ಡಿ ದರ ಇಂದಿನದೆಂದು ತಿಳಿದು ಟೆಂಪೋ ಬಾಡಿಗೆ ಹಿಡಿದವನ ನಷ್ಟಕ್ಕೆ ಯಾರು ಹೊಣೆ? ನಿಮ್ಮ ಖಾತೆ ಕಿರ್ದಿಯಲ್ಲಿ ಗೊತ್ತಿಲ್ಲದ ಒಂದು ರಕಮು ಬರೆಯಲು ಒಪ್ಪುತ್ತೀರಾ? ಹಾಗೆಯೇ ನಿಮ್ಮ ಹೆಸರಿನಿಂದ ಹೋಗುವ ಪ್ರತಿಯೊಂದು ಸಂದೇಶವೂ ನಿಮ್ಮ ಕಿರ್ದಿಯ ಒಂದು ಬರಹ. ಅದರ ಕೆಳಗೆ ನಿಮ್ಮ ಸಹಿ ಇದೆ.

ಇನ್ನು ಶರಣರ ಹೆಸರಿನಲ್ಲಿ ಹರಿದಾಡುವ ಸಂದೇಶಗಳು. ಯಾರೋ ನಿನ್ನೆ ಬರೆದ ನಾಲ್ಕು ಸಾಲಿನ ಕೊನೆಗೆ ಕೂಡಲಸಂಗಮದೇವ ಎಂಬ ಅಂಕಿತ ಅಂಟಿಸಿ, ಬಸವಣ್ಣನವರ ಚಿತ್ರ ಹಾಕಿ ಬಿಡುತ್ತಾರೆ. ಅದು ಭಕ್ತಿಯಿಂದಲೇ ಸಾವಿರ ಮನೆ ಸೇರುತ್ತದೆ. ವಚನಗಳು ನಮ್ಮ ಕೈಗೆ ಹೇಗೆ ಬಂದವು ಎಂಬುದನ್ನು ಒಮ್ಮೆ ನೆನೆಯಬೇಕು. ಓಲೆಗರಿಯ ಮೇಲೆ ಕಂಠದಿಂದ ಒಂದೊಂದು ಅಕ್ಷರ ಕೊರೆದವರು ಒಂದು ಪ್ರತಿಗೆ ದಿನಗಟ್ಟಲೆ ಕುಳಿತರು. ವಿಜಯಪುರದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಯ ಕಟ್ಟುಗಳನ್ನು ಬಿಚ್ಚಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅಷ್ಟು ಕಷ್ಟದಿಂದ ಉಳಿದ ನುಡಿಯೊಳಗೆ ನಾವು ಅರೆ ನಿಮಿಷದಲ್ಲಿ ಹೊಟ್ಟು ಬೆರೆಸಬಹುದೇ? ಪುಸ್ತಕದಲ್ಲಿ ಕಂಡಿದ್ದರೆ ಕಳಿಸಿ. ಕಾಣದಿದ್ದರೆ ‘ಇದು ನನ್ನ ಮಾತು’ ಎಂದು ನಿಮ್ಮ ಹೆಸರಿನಲ್ಲೇ ಬರೆಯಿರಿ. ಅದರಲ್ಲಿ ನಾಚಿಕೆಯಿಲ್ಲ.

ಈಗ ನಿತ್ಯದ ನಡವಳಿಕೆಗೆ ಬರೋಣ.

ಮೊದಲನೆಯದು, ಕೇಳಿ ಸೇರಿಸುವುದು. ಯಾರ ಮೊಬೈಲ್ ನಂಬರು ಸಿಕ್ಕಿದರೂ ಗ್ರೂಪಿಗೆ ಎಳೆದು ಹಾಕಬಾರದು. ಗ್ರೂಪಿಗೆ ಸೇರಿದವರ ನಂಬರು ಅಲ್ಲಿರುವ ಎಲ್ಲರಿಗೂ ಕಾಣುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಇದರಿಂದ ಎಷ್ಟು ತೊಂದರೆಯಾಗುತ್ತದೆ ಎಂಬುದನ್ನು ಅವರನ್ನೇ ಕೇಳಿ ತಿಳಿಯಿರಿ. ಬರೀ ಸುದ್ದಿ ಮುಟ್ಟಿಸಬೇಕಾಗಿದ್ದರೆ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ. ಅದರಲ್ಲಿ ಒಬ್ಬರಿಗೆ ಇನ್ನೊಬ್ಬರ ನಂಬರು ಕಾಣುವುದಿಲ್ಲ, ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಬೇಡವೆಂದು ಒಬ್ಬರು ಹೊರಗೆ ಹೋದರೆ ಅದು ಎಲೆಯ ಮೇಲೆ ಅಡ್ಡ ಹಿಡಿದ ಕೈ ಎಂದು ತಿಳಿಯಿರಿ. ಮತ್ತೆ ಮತ್ತೆ ಸೇರಿಸಬೇಡಿ, ಮುನಿಸಿಕೊಳ್ಳಬೇಡಿ.

ಎರಡನೆಯದು, ಹೊತ್ತು ಮತ್ತು ಅಳತೆ. ನಸುಕಿನಲ್ಲಿ ನೀರು ಬಿಡಲು ಹೊಲಕ್ಕೆ ಹೋದವನು ಆಗ ತಾನೇ ಬಂದು ಮಲಗಿರುತ್ತಾನೆ. ದಿನಕ್ಕೆ ಇಪ್ಪತ್ತು ಶುಭೋದಯದ ಚಿತ್ರಗಳ ನಡುವೆ ಒಂದು ಮಣ್ಣಿನ ಸುದ್ದಿ ಹೂತುಹೋಗಿ, ಅಂತ್ಯಕ್ರಿಯೆಗೆ ಬಂಧುಗಳು ತಪ್ಪಿಸಿಕೊಂಡದ್ದು ನಮ್ಮ ಹಳ್ಳಿಗಳಲ್ಲಿ ನಡೆಯುವ ಮಾತೇ. ಹೂವು ಒಳ್ಳೆಯದೇ, ಆದರೆ ದಾರಿಯ ತುಂಬ ಹೂವು ಸುರಿದರೆ ದಾರಿ ಕಾಣುವುದಿಲ್ಲ.

ಮೂರನೆಯದು, ಲಿಂಗೈಕ್ಯದ ವಾರ್ತೆ. ಮನೆಯವರ ಬಾಯಿಂದ ಕೇಳದೆ ಅದನ್ನು ಕಳಿಸಲೇಬಾರದು. ಆಸ್ಪತ್ರೆಯಲ್ಲಿ ಉಸಿರಾಡುತ್ತಿರುವವರಿಗೆ ಹೊರಗೆ ಶ್ರದ್ಧಾಂಜಲಿ ನಡೆದರೆ ಆ ಮನೆಯವರ ಎದೆ ಏನಾದೀತು? ಹಾಗೆಯೇ ಶವದ ಚಿತ್ರ, ಅಪಘಾತದ ಚಿತ್ರ, ಇತರರ ಮಕ್ಕಳ ಚಿತ್ರ ಕಳಿಸಕೂಡದು.

ನಾಲ್ಕನೆಯದು, ಸಹಾಯದ ಕರೆ. ರಕ್ತ ಬೇಕು, ಹಣ ಬೇಕು ಎಂಬ ಸಂದೇಶದಲ್ಲಿ ತಾರೀಖು, ಆಸ್ಪತ್ರೆ, ಮಾತಾಡಬಹುದಾದ ನಂಬರು ಇರಬೇಕು. ಕಳಿಸುವ ಮೊದಲು ಆ ನಂಬರಿಗೆ ನೀವೇ ಒಮ್ಮೆ ಫೋನ್ ಮಾಡಿ. ಕೆಲಸ ಮುಗಿದ ಮೇಲೆ ‘ಮುಗಿಯಿತು’ ಎಂದು ಅದೇ ಜನಕ್ಕೆ ತಿಳಿಸಿ. ಇಲ್ಲವಾದರೆ ವರ್ಷಗಟ್ಟಲೆ ತಿರುಗುವ ಸುಳ್ಳು ಕರೆಗಳಿಂದ ನಿಜವಾದ ಕರೆಗೂ ಜನ ಕಿವುಡಾಗುತ್ತಾರೆ.

ಐದನೆಯದು ನಮ್ಮ ಗಡಿಯವರದೇ ವಿಷಯ. ಹಳಬರು ಕನ್ನಡ ಓದುತ್ತಾರೆ. ಮರಾಠಿ ಶಾಲೆಗೆ ಹೋದ ಅನೇಕ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲಾರರು. ಮುಖ್ಯವಾದ ಸುದ್ದಿಯನ್ನು ಕನ್ನಡದಲ್ಲಿ ಬರೆದು ಜೊತೆಗೆ ಬಾಯಿಂದ ಹೇಳಿ ಧ್ವನಿ ಸಂದೇಶವಾಗಿಯೂ ಕಳಿಸಿ. ಕೇಳುತ್ತ ಕೇಳುತ್ತ ಮಕ್ಕಳಿಗೆ ಅಕ್ಷರದ ಆಸೆಯೂ ಹುಟ್ಟೀತು. ಆದರೆ ಗಡಿಯ ಹೆಸರಿನಲ್ಲಿ ನೆರೆಯ ಮರಾಠಿ ಬಾಂಧವರನ್ನು ಹಳಿಯುವ ಸಂದೇಶ ಬಂದರೆ ಅದು ನಿಮ್ಮ ಕೈಯಲ್ಲೇ ಸಾಯಲಿ. ಕಳಿಸಿದವನು ಎಲ್ಲೋ ದೂರದ ಪಟ್ಟಣದಲ್ಲಿ ಇರುತ್ತಾನೆ. ನಾಳೆ ಅವರ ಬಾವಿಯ ನೀರು ಕೇಳಬೇಕಾದವರು ನಾವು.

ಗ್ರೂಪಿನ ಅಡ್ಮಿನ್ ಆದವರಿಗೆ ಒಂದು ಮಾತು. ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ, ತನ್ನದೂ ಪಾಲಿಲ್ಲದಿದ್ದರೆ, ಅಡ್ಮಿನ್ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ. ಕಾನೂನಿನ ಲೆಕ್ಕ ಅದು. ಧರ್ಮದ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ್ದು ಎಲ್ಲರೂ ಕುಡಿಯಲೆಂದು. ಎಲ್ಲರೂ ಕುಡಿಯುವ ಕೆರೆಗೆ ಒಬ್ಬ ಹೊಲಸು ಸುರಿಯುವಾಗ ಕಾವಲಿನವನು ಸುಮ್ಮನೆ ನಿಲ್ಲಬಹುದೇ?

ಪಂಚಾಚಾರಗಳಲ್ಲಿ ಗಣಾಚಾರ ಒಂದಿದೆ. ಅನ್ಯಾಯ ಕಂಡಾಗ ಸುಮ್ಮನಿರದಿರುವುದು ಅದರ ತಿರುಳು. ಸುಳ್ಳು ಸಂದೇಶ ಕಂಡಾಗ ‘ಇದು ನಿಜವಲ್ಲ’ ಎನ್ನುವುದು ಇಂದಿನ ಗಣಾಚಾರ. ಆದರೆ ಅದರ ಪಕ್ಕದಲ್ಲೇ ಭೃತ್ಯಾಚಾರವೂ ಇದೆ, ಅಂದರೆ ವಿನಯ. ಕಾಕಾ ಕಳಿಸಿದ್ದು ಸುಳ್ಳಾದರೆ ಐವತ್ತು ಜನರ ಮುಂದೆ ಅವರ ಮುಖ ಕೆಡಿಸಬೇಡಿ. ಮೊದಲು ಅವರಿಗೊಬ್ಬರಿಗೇ ಫೋನ್ ಮಾಡಿ ‘ಕಾಕಾ, ಇದು ಹೀಗಲ್ಲವಂತೆ, ನೀವೇ ತೆಗೆದುಬಿಡ್ರಿ’ ಎನ್ನಿ. ಹಿರಿಯರು ತೆಗೆದರೆ ಅವರ ಮಾನ ಹೆಚ್ಚುತ್ತದೆ. ಆದರೆ ಜನರ ಜೀವಕ್ಕೆ ಅಪಾಯ ತರುವ ಸುಳ್ಳಾದರೆ ಕಾಯಬೇಡಿ, ಅಲ್ಲೇ, ಆಗಲೇ ಹೇಳಿ, ಪೊಲೀಸರಿಗೂ ತಿಳಿಸಿ. ರೈನಪಾಡಾದಲ್ಲಿ ಮುಂದೆ ನಿಂತು ‘ತಡೆಯಿರಿ, ಕೇಳೋಣ’ ಎನ್ನುವ ಹತ್ತು ದನಿ ಇದ್ದಿದ್ದರೆ ಐದು ಮನೆಗಳ ದೀಪ ಉಳಿಯುತ್ತಿದ್ದವೋ ಏನೋ.

ಭಕ್ತರೇ, ನಾವು ಕೇಳುವುದು ದೊಡ್ಡ ವ್ರತವಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಯುವವರೆಗೆ ಮೊಬೈಲ್ ಮುಟ್ಟಬೇಡಿ. ಆಮೇಲೆ ಯಾವ ಸಂದೇಶವನ್ನಾದರೂ ಹಲವರಿಗೆ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ನಿಜವೆಂದು ನನಗೆ ಗೊತ್ತಿದೆಯೇ? ಇದು ಅವರಿಗೆ ಬೇಕೇ? ಅವರ ಮನೆಯ ಅಂಗಳದಲ್ಲಿ ನಿಂತು, ಮುಖ ನೋಡಿ, ಇದೇ ಮಾತನ್ನು ನಾನು ಹೇಳಬಲ್ಲೆನೇ? ಮೂರಕ್ಕೂ ಹೌದು ಎಂದು ಬಂದರೆ ಕಳಿಸಿ, ಅದು ದಾಸೋಹ. ಒಂದಕ್ಕೆ ಅಲ್ಲವೆಂದು ಬಂದರೂ ಅಲ್ಲಿಯೇ ನಿಲ್ಲಿಸಿ.

ನಿಮ್ಮ ಬೆರಳಿನಿಂದ ಯಾರ ಮನೆಗೂ ಕೇಡು ಹೋಗದಿರಲಿ, ಹೋದದ್ದೆಲ್ಲ ಅನ್ನದಂತೆ ಹಿತವಾಗಲಿ ಎಂದು ಹರಸುತ್ತೇವೆ.