ಎಸೆದ ಮೇಲೆ ಹೊಣೆ ಮುಗಿಯಿತೇ?



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಮಾರುಕಟ್ಟೆಯಲ್ಲಿ ತರಕಾರಿ ಅಂಗಡಿ ಇಟ್ಟುಕೊಂಡಿದ್ದಾನೆ. ಒಂದು ಸಂಜೆ ಅವನು ಕೊಳೆತ ಟೊಮೆಟೊ, ಕೋಸಿನ ಎಲೆ, ಹರಿದ ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬುತ್ತಿದ್ದ. ಹೀಗೇಕೆಂದು ಕೇಳಿದೆ. "ಉಸ್ತಾದರೇ, ಕಸದ ಶುಲ್ಕ ಕಟ್ಟಿದ್ದೇನೆ. ಬೆಳಿಗ್ಗೆ ಗಾಡಿ ಬಂದು ಒಯ್ಯುತ್ತದೆ. ಅಲ್ಲಿಗೆ ನನ್ನ ಹೊಣೆ ಮುಗಿಯಿತಲ್ಲ?" ಎಂದ.

ನಿಜವಾಗಿಯೂ ಮುಗಿಯಿತೇ? ನೀವೂ ಯೋಚಿಸಿ ನೋಡಿರಿ.

ಗಾಡಿ ಒಯ್ದ ಕಸ ಇಲ್ಲವಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಭಾರೀ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರದತ್ತ ಹರಿಯಿತು. ತೆಂಗು, ಕಂಗಿನ ತೋಟಗಳು ಅದರಡಿ ಹೂತುಹೋದವು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಅದು ಅವರು ಎಸೆದ ಕಸವಲ್ಲ, ಇಡೀ ನಗರದ್ದು.

ಕೂಲಿ ಕೊಟ್ಟು ಇನ್ನೊಬ್ಬನ ತೋಟಕ್ಕೆ ಹೊಲಸು ಸುರಿಸಿದವನು, 'ಸುರಿದದ್ದು ನಾನಲ್ಲ, ಕೂಲಿಯವನು' ಎಂದು ತಪ್ಪಿಸಿಕೊಳ್ಳಬಹುದೇ? ಯಾರಿಗೂ ಹಾನಿ ಮಾಡಬಾರದೆಂಬುದು ಶರೀಅತ್‌ನ ಮೂಲತತ್ವಗಳಲ್ಲೊಂದು. ದಾರಿಯಿಂದ ಉಪದ್ರವವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಓಣಿಯ ಉಪದ್ರವವನ್ನು ಇನ್ನೊಬ್ಬರ ಓಣಿಗೆ ಸಾಗಿಸುವುದು ಅದನ್ನು ಸರಿಸಿದಂತಾಗುವುದಿಲ್ಲ.

ನಗರಾಡಳಿತಕ್ಕೆ ಹೊಣೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕಸವನ್ನು ಬೇರ್ಪಡಿಸಿ ಕೊಡುವ ಕರ್ತವ್ಯವನ್ನು 2016ರ ಘನತ್ಯಾಜ್ಯ ನಿಯಮಗಳು ಕಸ ಮಾಡಿದವನ ಮೇಲೆಯೇ ಹೊರಿಸಿದವು. ನಾವು ಬೆರೆಸಿದ್ದನ್ನು ಬೇರ್ಪಡಿಸಲು ಕೊನೆಗೆ ಕೈ ಹಾಕಬೇಕಾದವನು ಬಡ ಪೌರಕಾರ್ಮಿಕ. ಅವನೂ ಅಲ್ಲಾಹನ ದಾಸನೇ ಅಲ್ಲವೇ?

ಮಾರುಕಟ್ಟೆಯ ಹಸಿ ಕಸ ವಾಸ್ತವದಲ್ಲಿ ಕಸವೇ ಅಲ್ಲ. ಅದು ಮಣ್ಣಿನಿಂದ ಬಂದದ್ದು, ಮಣ್ಣಿಗೆ ಸಲ್ಲಬೇಕಾದ ಅಮಾನತ್ತು. ಗಾಳಿಯಾಡದಂತೆ ರಾಶಿ ಹಾಕಿದರೆ ಅದೇ ಕೊಳೆತು ನಾರುತ್ತದೆ, ಮೀಥೇನ್ ಅನಿಲವನ್ನು ಬಿಡುತ್ತದೆ. ಗಾಳಿಯಾಡಿಸಿದರೆ ಗೊಬ್ಬರವಾಗುತ್ತದೆ.

ಕೇರಳದ ಆಲಪ್ಪುಳವನ್ನು ನೋಡಿರಿ. ಆ ನಗರದ ಕಸವನ್ನು ಸರ್ವೋದಯಪುರಂನಲ್ಲಿ ಸುರಿಯುತ್ತಿದ್ದರು. 2012ರಲ್ಲಿ ಅಲ್ಲಿನ ಜನರು ಪ್ರತಿಭಟಿಸಿ ಗಾಡಿಗಳನ್ನು ತಡೆದರು. ಆಗ ನಗರವು ತನ್ನ ಕಸವನ್ನು ತನ್ನೊಳಗೇ ಕರಗಿಸಲು ಕಲಿಯಬೇಕಾಯಿತು. ವಾರ್ಡುಗಳಲ್ಲಿ ತುಂಬೂರ್‌ಮುಳಿ ಮಾದರಿಯ ತೊಟ್ಟಿಗಳು ಬಂದವು. ನಾಲ್ಕಡಿ ಉದ್ದಗಲದ ಆ ತೊಟ್ಟಿಯ ಗೋಡೆಗಳಲ್ಲಿ ಗಾಳಿಗೆ ಸಂದುಗಳಿರುತ್ತವೆ. ಒಂದು ಪದರ ಸೆಗಣಿ, ಒಂದು ಪದರ ತರಗೆಲೆ, ಒಂದು ಪದರ ಹಸಿ ಕಸ. ಸೂಕ್ಷ್ಮಜೀವಿಗಳು ಕೆಲಸಕ್ಕಿಳಿದಂತೆ ಒಳಗಿನ ಶಾಖ 60 ಡಿಗ್ರಿ ದಾಟುತ್ತದೆ. ಸುಮಾರು 90 ದಿನಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ.

'ನಮ್ಮ ಬೀದಿಯಲ್ಲೇ ತೊಟ್ಟಿ ಇಟ್ಟರೆ ವಾಸನೆ ಬಾರದೇ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯಿದು. ನೆರೆಯವನಿಗೆ ಅದನ್ನು ಕೇಳುವ ಹಕ್ಕಿದೆ. ತರಕಾರಿಯಲ್ಲಿ ಹೆಚ್ಚಿನ ಪಾಲು ನೀರೇ ಇರುವುದರಿಂದ, ತರಗೆಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಸಾಕಷ್ಟು ಹಾಕದಿದ್ದರೆ ಖಂಡಿತ ನಾರುತ್ತದೆ. ಪ್ಲಾಸ್ಟಿಕ್ ಬೆರೆತರೆ ಗೊಬ್ಬರವೇ ಕೆಡುತ್ತದೆ. ತೊಟ್ಟಿ ಇಟ್ಟರೆ ಸಾಲದು, ದಿನವೂ ನೋಡಿಕೊಳ್ಳುವವರಿರಬೇಕು, ಅವರಿಗೆ ತಕ್ಕ ಸಂಬಳವೂ ಸಿಗಬೇಕು. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಕೆಲಸ ಒಳ್ಳೆಯದಾಗುವುದಿಲ್ಲ.

ಇನ್ನೊಂದು ಮಾತು. ಗೊಬ್ಬರವಾಗುತ್ತದೆಂದು ತಿನ್ನುವ ವಸ್ತುವನ್ನು ಎಸೆಯಬಾರದು. ಕೆಳಗೆ ಬಿದ್ದ ತುತ್ತನ್ನೂ ಒರೆಸಿ ತಿನ್ನಲು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಮಾಗಿದ ಹಣ್ಣು ಮೊದಲು ಹಸಿದವನಿಗೆ, ಬಳಿಕ ಆಡು ದನಗಳಿಗೆ, ಉಳಿದದ್ದು ತೊಟ್ಟಿಗೆ.

ನನ್ನ ವಿದ್ಯಾರ್ಥಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. "ಇನ್ನೊಂದು ಬುಟ್ಟಿ ಇಟ್ಟುಕೋ" ಎಂದಷ್ಟೇ ಹೇಳಿದೆ. ಇಟ್ಟುಕೊಂಡಿದ್ದಾನೆ. ಅವನ ಮಾರುಕಟ್ಟೆಯಲ್ಲಿ ತೊಟ್ಟಿ ಇನ್ನೂ ಬಂದಿಲ್ಲ. ಅದನ್ನು ಕೇಳಿ ಪಡೆಯುವ ಕೆಲಸ ಅವನೊಬ್ಬನದಲ್ಲ, ಅಲ್ಲಿ ತರಕಾರಿ ಕೊಳ್ಳುವ ನಮ್ಮೆಲ್ಲರದು.

ನಮ್ಮಿಂದ ಯಾರಿಗೂ ತೊಂದರೆಯಾಗದಂತೆ ಬಾಳಲು ಅಲ್ಲಾಹನು ಅನುಗ್ರಹಿಸಲಿ. ಆಮೀನ್.