ಅರ್ಧಕ್ಕೆ ಬಿಟ್ಟ ಪುಸ್ತಕ

ಹಿಡಿದ ಪುಸ್ತಕವನ್ನು ಮುಗಿಸದೆ ಕೆಳಗಿಡಬಾರದು ಎಂದು ನಂಬಿದವರು ನನ್ನ ಸುತ್ತ ಬಹಳ ಮಂದಿ ಇದ್ದಾರೆ. ರುಚಿಸದಿದ್ದರೂ ಹಲ್ಲುಕಚ್ಚಿ ಓದುತ್ತಾರೆ, ಕೊನೆಗೆ ‘ಅಂತೂ ಮುಗಿಸಿದೆ’ ಎಂದು ನಿಟ್ಟುಸಿರು ಬಿಡುತ್ತಾರೆ. ನನ್ನ ಚಾಳಿ ಬೇರೆ. ನಮ್ಮ ಮನೆಯ ಕಪಾಟಿನಲ್ಲಿ ನಡುವೆಲ್ಲೋ ಬಸ್ ಟಿಕೆಟ್ಟನ್ನೋ, ಔಷಧಿ ಚೀಟಿಯನ್ನೋ, ಹಳೆಯ ಲಗ್ನಪತ್ರಿಕೆಯ ತುಂಡನ್ನೋ ಸಿಕ್ಕಿಸಿಕೊಂಡು ನಿಂತ ಪುಸ್ತಕಗಳೇ ಹೆಚ್ಚು. ಇದು ಶಿಸ್ತಿಲ್ಲದವರ ಲಕ್ಷಣ ಎನ್ನುತ್ತಾರೆ. ಇರಬಹುದು. ಆದರೆ ಮುಗಿಸಲೇಬೇಕು ಎಂಬ ಕಟ್ಟಳೆ ಬಂದದ್ದಾದರೂ ಎಲ್ಲಿಂದ? ಕೊಟ್ಟ ದುಡ್ಡು ವಸೂಲಾಗಬೇಕೆಂಬ ಲೆಕ್ಕವಾದರೆ, ದುಡ್ಡು ಆಗಲೇ ಹೋಗಿದೆ. ಅದರ ಜೊತೆಗೆ ಒಂದು ವಾರದ ಸಂಜೆಗಳನ್ನೂ ಕಳೆದರೆ ನಷ್ಟ ದುಪ್ಪಟ್ಟು. ಲೇಖಕರಿಗೆ ಸಲ್ಲಿಸಬೇಕಾದ ಮರ್ಯಾದೆ ಎಂದರೆ, ಆಕಳಿಸುತ್ತ ಹಾಳೆ ಮಗುಚಿದ್ದರಿಂದ ಯಾವ ಲೇಖಕರ ಮಾನವೂ ಹೆಚ್ಚಿದ್ದಿಲ್ಲ.

ನಮ್ಮ ಹಿಂದಿನವರ ಓದಿಗೆ ಈ ಕಟ್ಟಳೆ ಇರಲಿಲ್ಲ. ಗುಡಿಯ ಮುಂದೆಯೋ ಪಟೇಲರ ಜಗಲಿಯ ಮೇಲೆಯೋ ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ವಾಚಿಸುವುದು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಬಿಡಿಸುವುದು, ಊರಿನವರು ಕಿವಿಗೊಡುವುದು. ಒಂದು ರಾತ್ರಿಗೆ ಒಂದು ಸಂಧಿ, ಇಲ್ಲವೇ ತಮಗೆ ಬೇಕಾದ ಒಂದು ಪ್ರಸಂಗ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವವನ್ನು ಓದಿಸುವ ರೂಢಿಯಿತ್ತು. ಮಳೆ ಬೇಕಾದವರು ಆದಿಪರ್ವದಿಂದ ಶುರುಮಾಡುತ್ತ ಕೂರುತ್ತಿರಲಿಲ್ಲ. ಅಷ್ಟೇಕೆ, ಕವಿಯೇ ಹದಿನೆಂಟು ಪರ್ವಗಳ ಕಥೆಯನ್ನು ಹತ್ತಕ್ಕೆ, ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಕನ್ನಡಿಗರು ಮುಗಿಸದವನನ್ನೇ ಮನೆಮನೆಯಲ್ಲಿ ಇಟ್ಟುಕೊಂಡರು; ಮುಗಿಸಿದವನ ಹೆಸರು ಪರೀಕ್ಷೆಗೆ ಕೂತವರ ಬಾಯಲ್ಲಿ ಉಳಿದಿದೆ.

ವಚನಗಳ ಸಂಪುಟವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದುವವರು ಅಪರೂಪ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂದದ್ದು, ಅದರಲ್ಲಿ 945 ಪದ್ಯಗಳಿವೆ. ಅದನ್ನು ದಿನವೂ ತೆರೆಯುವವರನ್ನು ಕೇಳಿ ನೋಡಿ, ಎಷ್ಟನೆಯ ಪದ್ಯದಲ್ಲಿದ್ದೀರಿ ಎಂಬ ಪ್ರಶ್ನೆಗೇ ನಗುತ್ತಾರೆ.

ಇಲ್ಲಿಯವರೆಗೆ ವಾದ ನನ್ನ ಕಡೆಗೇ ವಾಲಿದೆ. ತೊಡಕು ಇರುವುದು ಕಾದಂಬರಿಯಲ್ಲಿ. ಜಗಲಿಯ ಮೇಲೆ ಕೂತವರಿಗೆ ಕೌರವನ ತೊಡೆ ಮುರಿಯುವುದು ಮೊದಲೇ ಗೊತ್ತಿತ್ತು. ಒಂದೇ ಸಂಧಿ ಕೇಳಿದರೂ ಇಡೀ ಭಾರತ ಅವರ ತಲೆಯಲ್ಲಿರುತ್ತಿತ್ತು. ಎದ್ದು ಹೋದರೂ ಅವರು ಕಥೆಯ ಒಳಗೇ ಇರುತ್ತಿದ್ದರು. ಕಾದಂಬರಿಯನ್ನು ಬಿಟ್ಟೆದ್ದವರಿಗೆ ಆ ಭಾಗ್ಯವಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅರ್ಧಕ್ಕೆ ನಿಂತ ಪುಸ್ತಕಗಳ ಮಾತು ಬಂದಾಗಲೆಲ್ಲ ಕೇಳಿಬರುವ ಹೆಸರು. ಬಿಟ್ಟವರು ಹೇಳುವ ಕಾರಣವೂ ಒಂದೇ: ಜನ ಜಾಸ್ತಿ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಎಂದು ಮನೆಗಳ ಹೆಸರು ಹಿಡಿಯುವಷ್ಟರಲ್ಲಿ ಆಯಾ ಮನೆಯ ಗೌಡರು, ಆಳುಗಳು, ಹೆಣ್ಣುಮಕ್ಕಳು ಕೈತಪ್ಪಿ ಹೋಗುತ್ತಾರೆ. ಕಾದಂಬರಿ ತೆರೆದುಕೊಳ್ಳುವುದು ನಾಯಿಗುತ್ತಿ ಮತ್ತು ಅವನ ಹುಲಿಯನೊಂದಿಗೆ. ಮೊದಲ ಸಲ ಓದುವವರಿಗೆ ಅದು ಮಲೆನಾಡಿನ ದಾರಿಯಲ್ಲಿ ನಡೆಯುತ್ತಿರುವ ಒಬ್ಬ ಆಳು, ಒಂದು ನಾಯಿ, ಅಷ್ಟೆ. ಆ ನಾಯಿಯ ಗತಿ ಕಡೆಗೆ ಏನಾಗುತ್ತದೆಂದು ತಿಳಿದವರು ಅದೇ ಪುಟಕ್ಕೆ ವಾಪಸು ಬಂದರೆ, ಗುತ್ತಿ ಅದನ್ನು ಗದರುವುದೂ ಬೇರೆಯಾಗಿ ಕೇಳುತ್ತದೆ. ಅಂದರೆ ಕಾದಂಬರಿಯನ್ನು ನಡುವೆ ಬಿಟ್ಟವರು ಅರ್ಧ ಓದಿದವರಲ್ಲ. ಆ ಅರ್ಧವನ್ನೂ ಪೂರ್ತಿ ಓದದವರು. ನನ್ನ ಕಪಾಟಿನ ಬಸ್ ಟಿಕೆಟ್ಟುಗಳ ಎಡಬದಿಯ ಪುಟಗಳನ್ನು ಓದಿದ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ ಎಂದಾಯಿತು.

ಹಾಗಿದ್ದರೆ ಕಾದಂಬರಿಗಾದರೂ ಆ ಕಟ್ಟಳೆಯನ್ನು ಒಪ್ಪಿಕೊಳ್ಳಬೇಕೇ? ಒಪ್ಪಬೇಕಿಲ್ಲ. ಕೊನೆಯ ಅಧ್ಯಾಯವನ್ನು ಮೊದಲೇ ಓದಿಬಿಡುವ ಓದುಗರಿದ್ದಾರೆ. ಜನ ಅವರನ್ನು ಕಳ್ಳರಂತೆ ನೋಡುತ್ತಾರೆ. ದಪ್ಪ ಕಾದಂಬರಿಗಳ ವಿಷಯದಲ್ಲಿ ನಾನೂ ಆ ಗುಂಪಿನವನೇ. ನನ್ನ ಮಟ್ಟಿಗೆ ಅದು ಜಗಲಿಯ ಕೇಳುಗರ ಜಾಗದಲ್ಲಿ ಹೋಗಿ ಕೂರುವುದು: ಏನಾಗುತ್ತದೆ ಎಂಬ ಆತುರವನ್ನು ಕಳೆದುಕೊಂಡು, ಹೇಗೆ ಆಗುತ್ತದೆ ಎಂದು ನೋಡುವುದು. ಅಂತ್ಯ ತಿಳಿದೊಡನೆ ಸಪ್ಪೆಯಾಗುವ ಕಾದಂಬರಿಗೆ ಗುಟ್ಟೊಂದನ್ನು ಬಿಟ್ಟರೆ ಬೇರೆ ಬಂಡವಾಳವಿರಲಿಲ್ಲ ಎಂದೇ ನನ್ನ ಅನುಮಾನ. ಪತ್ತೇದಾರಿಗೆ ಮಾತ್ರ ಈ ಮಾತು ನಡೆಯದು; ಅಲ್ಲಿ ಗುಟ್ಟೇ ಬಂಡವಾಳ, ಅದಕ್ಕೆ ನಾಚಿಕೆಯೂ ಇಲ್ಲ. ಎನ್. ನರಸಿಂಹಯ್ಯನವರ ಪುಸ್ತಕವನ್ನು ಬಾಡಿಗೆ ಲೈಬ್ರರಿಯಿಂದ ತಂದು, ಮೊದಲ ಪುಟದಲ್ಲೇ ಯಾರೋ ಪೆನ್ಸಿಲಿನಲ್ಲಿ ಕೊಲೆಗಾರನ ಹೆಸರು ಬರೆದಿಟ್ಟದ್ದನ್ನು ಕಂಡವರಿಗೆ ಆ ಸಂಕಟ ಗೊತ್ತು.

ಬಿಡುವ ಸ್ವಾತಂತ್ರ್ಯಕ್ಕೆ ಬೆಲೆಯಿಲ್ಲ ಎಂದಲ್ಲ. ಬೇಸರ ಪುಸ್ತಕದ್ದೋ ನನ್ನದೋ ಎಂದು ಬಿಟ್ಟವರಿಗೆ ತಿಳಿಯುವುದಿಲ್ಲ. ಜ್ವರದ ನಾಲಿಗೆಗೆ ಒಳ್ಳೆಯ ಸಾರೂ ಕಹಿ. ಆದ್ದರಿಂದ ಮುಗಿಸದ ಕಾದಂಬರಿಯ ಬಗ್ಗೆ ‘ನನ್ನಿಂದಾಗಲಿಲ್ಲ’ ಎನ್ನಬಹುದು, ‘ಅದರಲ್ಲಿ ಏನೂ ಇಲ್ಲ’ ಎನ್ನುವಂತಿಲ್ಲ. ಸಭೆಗಳಲ್ಲಿ ಈ ಎರಡನೆಯ ಮಾತನ್ನು ಗಟ್ಟಿಯಾಗಿ ಆಡುವವರನ್ನು ಎಷ್ಟನೆಯ ಪುಟಕ್ಕೆ ನಿಲ್ಲಿಸಿದಿರಿ ಎಂದು ಕೇಳಬೇಕು. ಬಹುಮಾನಕ್ಕೆ ಬಂದ ಪುಸ್ತಕಗಳನ್ನು ತೂಗಲು ಒಪ್ಪಿಕೊಂಡವರಿಗಂತೂ ನಮ್ಮಂಥವರ ಸ್ವಾತಂತ್ರ್ಯ ಇಲ್ಲವೇ ಇಲ್ಲ. ಹಲ್ಲುಕಚ್ಚಿ ಓದುವ ಕೆಲಸ ಅವರದು.