ಬೇರೆಯಾಗಬಯಸುವವರ ಧರ್ಮ

ಮನೆಯಿಂದ ಬೇರೆಯಾಗಲು ನಿಶ್ಚಯಿಸಿದವನು ಅದೇ ಮನೆಯ ಜಗುಲಿಯಲ್ಲಿ ಕುಳಿತು ಅದರ ಆಯವ್ಯಯವನ್ನು ಪ್ರಶ್ನಿಸಬಹುದೆ? ಈ ಪ್ರಶ್ನೆಯನ್ನು ಕೆನಡಾ ದೇಶವು 1993ರಲ್ಲಿ ಎದುರಿಸಬೇಕಾಯಿತು.

ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಭಾಷಿಕರೇ ಬಹುಸಂಖ್ಯಾತರು. ಆ ಪ್ರಾಂತ್ಯವನ್ನು ‘ವಿಶಿಷ್ಟ ಸಮಾಜ’ವೆಂದು ಮನ್ನಿಸಬೇಕಾಗಿದ್ದ ಮೀಚ್ ಲೇಕ್ ಒಪ್ಪಂದವು 1990ರಲ್ಲಿ ಮುರಿದುಬಿದ್ದಿತು. ಅದರ ಬೇಗುದಿಯಿಂದ ಹುಟ್ಟಿದ್ದು ಬ್ಲಾಕ್ ಕೆಬೆಕ್ವಾ ಪಕ್ಷ. ಅದರ ನಾಯಕರು, ಕೇಂದ್ರ ಸಚಿವಪದವಿಯನ್ನು ತೊರೆದು ಬಂದ ಲೂಸಿಯೆನ್ ಬುಶಾರ್. ಕ್ವಿಬೆಕ್ಕಿನ ಹೊರಗೆ ಎಲ್ಲಿಯೂ ಸ್ಪರ್ಧಿಸದ ಈ ಪಕ್ಷವು 1993ರ ಅಕ್ಟೋಬರಿನ ಚುನಾವಣೆಯಲ್ಲಿ ಅಲ್ಲಿನ 75 ಸ್ಥಾನಗಳ ಪೈಕಿ 54ನ್ನು ಗೆದ್ದು, 295 ಸದಸ್ಯರ ರಾಷ್ಟ್ರೀಯ ಸಂಸತ್ತಿನಲ್ಲಿ ಎರಡನೆಯ ದೊಡ್ಡ ಪಕ್ಷವಾಯಿತು. ದೇಶವನ್ನು ತೊರೆಯಬಯಸಿದವರಿಗೆ, ರೂಢಿಯಂತೆ, ‘ರಾಣಿಯವರ ನಿಷ್ಠಾವಂತ ವಿರೋಧಪಕ್ಷ’ವೆಂಬ ಬಿರುದು ಸಂದಿತು.

ಇದು ದ್ವಿಮುಖ ನೀತಿಯಲ್ಲವೆ ಎಂಬ ಆಕ್ಷೇಪ ಸಹಜ. ಆದರೆ ವಂಚನೆಯ ಜೀವಾಳ ಮರೆಮಾಚುವಿಕೆ. ತನ್ನ ಉದ್ದೇಶವನ್ನು ಮತದಾರರ ಮುಂದೆ ಬಿಚ್ಚಿಟ್ಟು, ಸಭೆಯ ನಿಯಮಗಳಿಗೆ ಬದ್ಧನಾಗಿ ವಾದಿಸುವವನನ್ನು ಭಿನ್ನಮತೀಯನೆನ್ನಬಹುದೇ ಹೊರತು ದ್ರೋಹಿಯೆನ್ನಲಾಗದು. ಮಾತಿಗೆ ಬದಲಾಗಿ ಬಲವು ನಿಂತರೆ ಏನಾಗುವುದೆಂಬುದನ್ನು ಕ್ವಿಬೆಕ್ ಬಲ್ಲದು: 1970ರ ಅಕ್ಟೋಬರಿನಲ್ಲಿ ಪ್ರತ್ಯೇಕತಾವಾದಿ ಉಗ್ರರು ಪ್ರಾಂತೀಯ ಸಚಿವ ಪಿಯರ್ ಲಾಪೋರ್ಟ್ ಅವರನ್ನು ಅಪಹರಿಸಿ ಕೊಂದಿದ್ದರು. ಒಪ್ಪದ ಮಾತನ್ನೂ ಸಭೆಯೊಳಗೆ ಆಲಿಸುವ ತಾಳ್ಮೆಯು ದೌರ್ಬಲ್ಯವಲ್ಲ. ಅದು ಹಿಂಸೆಗೆ ಕಟ್ಟಿದ ಒಡ್ಡು.

ಬಹುಸಂಖ್ಯಾತರಿಗೆ ತಾಳ್ಮೆಯು ಕರ್ತವ್ಯವಾದರೆ, ಬೇರೆಯಾಗಬಯಸುವವರಿಗೂ ಕರ್ತವ್ಯಗಳುಂಟು. ತಾವು ಬೇಡುವ ನ್ಯಾಯವನ್ನು ತಮಗಿಂತ ಚಿಕ್ಕವರಿಗೆ ಕೊಡಬಲ್ಲರೆ ಎಂಬುದೇ ಅವರ ಒರೆಗಲ್ಲು. 1995ರ ಅಕ್ಟೋಬರಿನಲ್ಲಿ ಕ್ವಿಬೆಕ್ಕಿನ ಮೂಲನಿವಾಸಿಗಳಾದ ಕ್ರೀ ಜನರು ತಮ್ಮದೇ ಮತದಾನ ನಡೆಸಿದಾಗ, ಶೇ. 96ಕ್ಕೂ ಹೆಚ್ಚು ಮತಗಳು ಕೆನಡಾದಿಂದ ಬೇರ್ಪಡುವುದರ ವಿರುದ್ಧ ಬಿದ್ದವು. ಕೆಲವೇ ದಿನಗಳಲ್ಲಿ ನಡೆದ ಪ್ರಾಂತೀಯ ಜನಮತಗಣನೆಯಲ್ಲಿ ಶೇ. 50.58ರಷ್ಟು ಮತಗಳಿಂದ ಪ್ರತ್ಯೇಕತೆ ತಿರಸ್ಕೃತವಾಯಿತು. ಅಂದಿನ ರಾತ್ರಿ ಪ್ರಾಂತ್ಯದ ಪ್ರಧಾನಿ ಜಾಕ್ ಪಾರಿಜೋ ಸೋಲಿನ ಹೊಣೆಯನ್ನು ಹಣದ ಮೇಲೂ ಅನ್ಯಮೂಲದವರ ಮತಗಳ ಮೇಲೂ ಹೊರಿಸಿದರು. ಮರುದಿನವೇ ಪದತ್ಯಾಗವನ್ನು ಘೋಷಿಸಿದರು. ಅಲ್ಪಸಂಖ್ಯಾತರೆಂಬ ನೋವನ್ನು ಉಂಡವರೇ ತಮ್ಮೊಳಗಿನ ಅಲ್ಪಸಂಖ್ಯಾತರತ್ತ ಬೆರಳು ತೋರಿದ್ದು ಆ ಸೋಲಿಗಿಂತ ದೊಡ್ಡ ಸೋಲು. ಆದರೂ ಕೂದಲೆಳೆಯ ಅಂತರದ ಆ ತೀರ್ಪಿಗೆ ಜನ ತಲೆಬಾಗಿದರೆಂಬುದು ಸ್ಮರಣೀಯ.

ಏಕಪಕ್ಷೀಯವಾಗಿ ಬೇರ್ಪಡುವ ಹಕ್ಕು ಕ್ವಿಬೆಕ್ಕಿಗಿಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತದ ಉತ್ತರ ಬಂದಲ್ಲಿ ಉಳಿದವರು ಮಾತುಕತೆಗೆ ಬದ್ಧರು ಎಂದು 1998ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಅಭಿಪ್ರಾಯವಿತ್ತಿತು. ಹೊರಡುವವನು ಹೇಳದೆ ಹೊರಡಬಾರದು, ಉಳಿಯುವವನು ಕೇಳದೆ ಕದವಿಕ್ಕಬಾರದು. ಕೂಡಿ ಬಾಳುವವರಿಗೂ ಬೇರೆಯಾಗುವವರಿಗೂ ಧರ್ಮವು ಒಂದೇ.